ಸೀಲು ಒಡೆದ ಮೇಷ್ಟ್ರು

ನಿಧನ ವಾರ್ತೆಗೆ ನಮ್ಮ ಕಚೇರಿಯಲ್ಲಿ ಒಂದು ಅಚ್ಚು ಇದೆ. ಹೆಸರು, ವಯಸ್ಸು, ಊರು, ಏನಾಗಿದ್ದರು, ಯಾರನ್ನು ಅಗಲಿದ್ದಾರೆ, ಅಂತ್ಯಕ್ರಿಯೆ ಎಲ್ಲಿ. ಇಷ್ಟಕ್ಕೆ ಮುಗಿಸಬೇಕು. ಹೊಗಳಿಕೆಯ ಮಾತು ನುಸುಳಿದ್ದರೆ ಹೊಡೆದುಹಾಕುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಹಾಸನದ ಕಚೇರಿಗೆ ಚನ್ನರಾಯಪಟ್ಟಣದಿಂದ ಫೋನು ಬಂತು.

"ಸಾ, ನಮ್ಮಪ್ಪ ಓಗ್ಬುಟ್ರು. ಪೇಪರ್‌ಗೆ ಆಕ್ಬೇಕಿತ್ತು. ನಿಮ್ಗೇ ಏಳು ಅಂತ ಮೊದ್ಲೇ ಅಂದಿದ್ರು."

ಯಾರ ಮಗ ಎಂದು ತಿಳಿಯಲು ಎರಡು ಮಾತು ಸಾಕಾಯಿತು. ಏನಂತ ಹಾಕಬೇಕು ಎಂದು ಕೇಳಿದೆ.

"ಕ್ರಾಫ್ಟ್ ಮೇಷ್ಟ್ರು ಅಂತ ಆಕ್ಬೇಕಂತೆ. ವೃತ್ತಿ ಶಿಕ್ಷಕ ಗಿಕ್ಷಕ ಅಂತ ಆಕ್ದ್ರೆ ಒಪ್ಕಳಲ್ಲ ಅಂದವ್ರೆ."

ಹಾಗೆಯೇ ಹಾಕಿದೆ. ಆ ಸುದ್ದಿಯಲ್ಲಿ ಹೆಸರಿತ್ತು, ಇಲ್ಲಿ ಬೇಡ. ಹೊಳೆನರಸೀಪುರದ ಗಂಡುಮಕ್ಕಳ ಪ್ರಾಥಮಿಕ ಶಾಲೆಯಲ್ಲಿ ಅವರಿದ್ದ ಅಷ್ಟೂ ವರ್ಷ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. ಹುಡುಗರಿಗೆ ಅವರು "ಸಾ", ಊರಿಗೆ "ಕ್ರಾಫ್ಟ್ ಮೇಷ್ಟ್ರು".

ತೊಂಬತ್ತರ ದಶಕದ ನಡುವಿನಲ್ಲಿ ನಾನು ಆ ಊರಿಗೆ ವರದಿಗಾರನಾಗಿ ಹೋದೆ. ನಮ್ಮಿಬ್ಬರ ಬಾಡಿಗೆ ಮನೆಗಳಿಗೆ ಗೋಡೆ ಒಂದೇ. ಬೆಳಗ್ಗೆ ಗೋಡೆಯ ಆಚೆಯಿಂದ ಅರ ಉಜ್ಜುವ ಸದ್ದು ಕೇಳುತ್ತಿತ್ತು. ಶಾಲೆಗೆ ಬೇಕಾದ ಉಪಕರಣಗಳನ್ನು ಅವರು ಮನೆಯಲ್ಲೇ ಹರಿತ ಮಾಡಿಕೊಂಡು ಹೋಗುತ್ತಿದ್ದರು. ಎತ್ತರದ, ಬಡಕಲು ಆಳು. ಉಳಿದ ಮೇಷ್ಟ್ರುಗಳು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ಇವರದು ಸ್ಕ್ರೂಡ್ರೈವರ್. ಯಾವ ಯಂತ್ರವನ್ನೇ ಆಗಲಿ ಮುಟ್ಟುವ ಮುಂಚೆ ಎರಡು ಅಂಗೈಯನ್ನೂ ಪ್ಯಾಂಟಿನ ಹಿಂದಕ್ಕೆ ಒರೆಸಿಕೊಂಡು, ಬಗ್ಗಿ, ಮೂಸಿ ನೋಡುತ್ತಿದ್ದರು. ನಮ್ಮ ಮನೆಯ ಮಿಕ್ಸಿ ಕೆಟ್ಟಾಗಲೂ ಮೊದಲು ಮೂಸಿದರು. "ಇದು ಸುಟ್ಟಿಲ್ಲ, ಮುನಿಸ್ಕಂಡೈತೆ" ಎಂದರು. ನನ್ನ ಹೆಂಡತಿ ನಕ್ಕಳು. ಅವರು ನಗಲಿಲ್ಲ. ಅವರು ನಕ್ಕದ್ದು ನನಗೆ ನೆನಪಿಲ್ಲ.

ಕ್ರಾಫ್ಟಿಗೆ ಪರೀಕ್ಷೆ ಇರಲಿಲ್ಲ, ಅಂಕ ಇರಲಿಲ್ಲ. ವೇಳಾಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು ದಿನದ ಕೊನೆಯ ಪೀರಿಯಡ್ಡು. ಆದರೂ ಆ ಶಾಲೆಯಲ್ಲಿ ಹುಡುಗರು ಜೀವ ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದ ತರಗತಿ ಅದೊಂದೇ. ಅವರು ಹೊಡೆಯುತ್ತಿರಲಿಲ್ಲ. ಮಾಡಿದ್ದನ್ನು ಎಳೆದು ನೋಡುತ್ತಿದ್ದರು, ಅಷ್ಟೆ. ಬಿದಿರಿನ ಚೌಕಟ್ಟಿರಲಿ, ರಟ್ಟಿನ ಪೆಟ್ಟಿಗೆಯಿರಲಿ, ಎರಡೂ ಕೈಯಲ್ಲಿ ಹಿಡಿದು ಎಳೆಯುವರು. ಬಿಚ್ಚಿಕೊಂಡರೆ ತುಂಡುಗಳನ್ನು ಹುಡುಗನ ಕೈಗೆ ಕೊಟ್ಟು ಮುಂದಿನವನ ಬಳಿಗೆ ಹೋಗುವರು. ಒಂದು ಮಾತಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಆ ಶಾಲೆಯಲ್ಲಿ ಓದಿದವನೊಬ್ಬ ದೊಡ್ಡವನಾದ ಮೇಲೆ ನನಗೆ ಹೇಳಿದ.

ಶನಿವಾರದ ಬೆಳಗಿನ ಶಾಲೆಯಲ್ಲಿ ಏಳನೇ ತರಗತಿಗೆ ಅವರ ಸೈಕಲ್ಲೇ ಪಾಠ. ಹುಡುಗರು ಅದನ್ನು ಪೂರ್ತಿ ಬಿಚ್ಚಿ, ಒರೆಸಿ, ಗ್ರೀಸು ಹಾಕಿ, ಮನೆಗೆ ಬಿಡುವ ಗಂಟೆಯೊಳಗೆ ಜೋಡಿಸಿಕೊಡಬೇಕು. ಒಂದು ಶನಿವಾರ ಜೋಡಿಸಿದ ಮೇಲೆ ನೆಲದ ಮೇಲೆ ಒಂದು ನಟ್ಟು ಉಳಿದಿತ್ತು. ನಾನು ಶಾಲೆಯ ವಾರ್ಷಿಕೋತ್ಸವದ ಸುದ್ದಿಗೆಂದು ಅಲ್ಲಿಗೆ ಹೋಗಿದ್ದೆ.

"ಇದ್ಯಾವ್ದುರ್ದ್ಲಾ?"

"ಗೊತ್ತಿಲ್ಲ ಸಾ."

"ನಿಂಗೆ ಗೊತ್ತಿಲ್ದಿದ್ರೆ ಸೈಕಲ್‌ಗೆ ಗೊತ್ತಿರ್ತದೆ ಕಣ್ಲಾ. ಓಯ್ತಾ ಓಯ್ತಾ ಅದೇ ಏಳ್ತದೆ."

ನಟ್ಟನ್ನು ಜೇಬಿಗೆ ಹಾಕಿಕೊಂಡು ಅವರು ಸೈಕಲ್ ಹತ್ತಿದರು. ಶಾಲೆಯಿಂದ ಹೊಳೆಯ ಕಡೆಗೆ ರಸ್ತೆ ಇಳಿಜಾರು. ಹುಡುಗರಿಗೆ ಮುಂದೇನಾಗಬಹುದು ಎಂದು ತಕ್ಷಣ ಹೊಳೆಯಿತು. ಇಡೀ ತರಗತಿ ಸೈಕಲ್ಲಿನ ಎರಡೂ ಪಕ್ಕ ಓಡತೊಡಗಿತು. "ಇಳೀರಿ ಸಾ, ಇಳೀರಿ ಸಾ" ಎಂದು ಒಬ್ಬ ಅಳುತ್ತಲೇ ಓಡಿದ. ಸೇತುವೆ ಸಿಗುವ ಮುಂಚೆ ಹಿಂದಿನ ಚಕ್ರ ವಾಲಿತು. ಮೇಷ್ಟ್ರು ಮಗ್ಗುಲಾಗಿ ಬಿದ್ದರು. ಮಂಡಿ ತರಚಿತ್ತು. ಎದ್ದು, ಅಂಗೈ ಒರೆಸಿಕೊಂಡು, ಜೇಬಿನಿಂದ ನಟ್ಟು ತೆಗೆದು ಅಳುತ್ತಿದ್ದವನಿಗೇ ಕೊಟ್ಟರು. "ಈಗ ಗೊತ್ತಾಯ್ತಾ ಯಾವ್ದುರ್ದು ಅಂತ?"

ಇದು ಪಾಠ ಹೇಳುವ ಒಳ್ಳೆಯ ಕ್ರಮವೋ ಅಲ್ಲವೋ ನಾನು ಹೇಳಲಾರೆ. ಆದದ್ದು ಇಷ್ಟು.

ಮುಖ್ಯೋಪಾಧ್ಯಾಯರು ಹೇಳಬಲ್ಲವರಾಗಿದ್ದರು, ಹೇಳಿಯೂ ಇದ್ದರು. ಅವರು ಅದೇ ಊರಿನ ದೇವಸ್ಥಾನದ ಬೀದಿಯವರು, ಅರ್ಚಕರ ಮನೆತನ. ಮೆತ್ತಗಿನ ದನಿ, ಹಣೆಯಲ್ಲಿ ಗಂಧ. ಯಾರಿಗೂ ಕೆಟ್ಟದ್ದನ್ನು ಬಯಸದ, ಯಾವುದಕ್ಕೂ ಧೈರ್ಯ ಮಾಡದ ಮನುಷ್ಯ. ಸೈಕಲ್ಲಿನ ಸಂಗತಿ ತಿಳಿದಾಗ ಕ್ರಾಫ್ಟ್ ಮೇಷ್ಟ್ರನ್ನು ಕರೆಸಿದರು.

"ಏನ್ರೀ ಮೇಷ್ಟ್ರೇ ಇದು? ಕೈಕಾಲು ಮುರಿದಿದ್ರೆ ಯಾರು ಉತ್ತರ ಕೊಡೋದು?"

"ಮುರುದ್ರೆ ನಂದು ತಾನೇ ಸಾ."

"ನಿಮ್ಮ ಕಾಲು ನಿಮ್ದೇರಿ. ಶಾಲೆ ನಂದು."

ಇಬ್ಬರ ನಡುವೆ ಹಗೆ ಇರಲಿಲ್ಲ, ಒಲವೂ ಇರಲಿಲ್ಲ. ತಾಲ್ಲೂಕಿನ ವಸ್ತುಪ್ರದರ್ಶನಕ್ಕೆ ಕ್ರಾಫ್ಟ್ ಮೇಷ್ಟ್ರು ಗೊರೂರು ಅಣೆಕಟ್ಟಿನ ಮಾದರಿ ಮಾಡಿಸಿದಾಗಲೂ ಹೀಗೇ ಆಯಿತು. ಉಳಿದ ಶಾಲೆಗಳವರು ಥರ್ಮೋಕೋಲಿಗೆ ನೀಲಿ ಬಣ್ಣ ಬಳಿದು ತಂದಿದ್ದರು. ಇವರ ಹುಡುಗರದು ನಿಜವಾದ ನೀರು. ಬಾಗಿಲು ಎತ್ತಿದ ಕೂಡಲೇ ಅದು ಅತಿಥಿಗಳ ಕಾಲ ಮೇಲೆ ಹರಿಯಿತು. ಮುಖ್ಯೋಪಾಧ್ಯಾಯರು ಟವೆಲ್ ಹಿಡಿದು ಓಡಿದರು. "ನೀರಿಲ್ದಿದ್ರೆ ಡ್ಯಾಂ ಯಾಕ್ ಬೇಕು ಸಾ?" ಎಂದು ಇವರು ಕೇಳಿದರಂತೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ಶಾಲೆಗೆ ಮೂರು ಕಂಪ್ಯೂಟರ್ ಬಂದವು. ಲಾರಿಯಿಂದ ಪೆಟ್ಟಿಗೆಗಳನ್ನು ಇಳಿಸುವಾಗ ಊರಿನವರು ನಿಂತು ನೋಡಿದರು. ಒಂದು ಕೋಣೆಗೆ ಸುಣ್ಣ ಬಳಿದು, ಜಮಖಾನೆ ಹಾಸಿ, ಧೂಳು ಬರದಂತೆ ಕಿಟಕಿಗೆ ದಪ್ಪ ಪರದೆ ಬಿಟ್ಟು, ಚಪ್ಪಲಿ ಹೊರಗೆ ಎಂದು ಬಾಗಿಲ ಮೇಲೆ ಬರೆಸಿದರು. ಉಳಿದದ್ದು ಒಂದೇ ಪ್ರಶ್ನೆ: ಚಾರ್ಜು ಯಾರದು? ಸರ್ಕಾರಿ ಶಾಲೆಯಲ್ಲಿ ಒಂದು ವಸ್ತುವಿನ ಚಾರ್ಜು ತೆಗೆದುಕೊಂಡವನು ಅದು ಕೆಟ್ಟರೂ ಕಳೆದರೂ ಜವಾಬ್ದಾರ. ಹಾಗಾಗಿ ಎಷ್ಟೋ ಶಾಲೆಗಳಲ್ಲಿ ಗ್ಲೋಬು, ಸೂಕ್ಷ್ಮದರ್ಶಕ, ಭೂಪಟಗಳು ಬೀರುವಿನಿಂದ ಹೊರಗೆ ಬಂದದ್ದೇ ಇಲ್ಲ. ಶಿಕ್ಷಕರ ಸಭೆಯಲ್ಲಿ ಒಬ್ಬರಿಗೆ ಮಂಡಿನೋವು ಬಂತು, ಒಬ್ಬರಿಗೆ ಗಣತಿಯ ಕೆಲಸ ನೆನಪಾಯಿತು.

"ನಾನ್ ತಗತೀನಿ ಸಾ. ಆದ್ರೆ ಹುಡುಗ್ರು ಮುಟ್ತಾರೆ."

"ಮುಟ್ಟೋದು ಯಾಕ್ರೀ? ತೋರ್ಸಿ, ಸಾಕು."

"ತೋರ್ಸಿ ಈಜು ಕಲಿಸಕ್ಕಾಯ್ತದಾ ಸಾ?"

ಬೇರೆ ಯಾರೂ ಮುಂದೆ ಬಾರದ್ದರಿಂದ ಮುಖ್ಯೋಪಾಧ್ಯಾಯರು ಒಪ್ಪಿದರು. ಬೀಗದ ಕೈ ಇವರ ಸೊಂಟಕ್ಕೆ ಬಂತು.

ಮೂರು ಯಂತ್ರ, ಇಡೀ ಶಾಲೆಯ ಹುಡುಗರು. ಒಬ್ಬೊಬ್ಬನಿಗೆ ಸಿಗುವ ಹೊತ್ತು ಬಹಳ ಸ್ವಲ್ಪ ಎಂದು ಲೆಕ್ಕ ಹಾಕಿದ ಮೇಷ್ಟ್ರು, ಆ ಹೊತ್ತು ತಡಕಾಟದಲ್ಲೇ ಕಳೆಯಬಾರದು ಎಂದು ಮೊದಲು ರಟ್ಟಿನ ಕೀಬೋರ್ಡು ಮಾಡಿಸಿದರು. ಪ್ರತಿ ಹುಡುಗನೂ ತನ್ನದನ್ನು ತಾನೇ ಕತ್ತರಿಸಿ, ಅಕ್ಷರ ಬರೆದು, ಅಂಟಿಸಿದ. ಮರದ ತುಂಡು ಕೆತ್ತಿ, ಹಿಂದೆ ದಾರ ಕಟ್ಟಿ ಮೌಸ್ ಮಾಡಿದರು. ಸಂಜೆ ಹೊತ್ತು ಬೀದಿಯ ಜಗಲಿಗಳ ಮೇಲೆ ಹುಡುಗರು ರಟ್ಟು ಕುಟ್ಟುತ್ತಾ ಕೂತಿರುತ್ತಿದ್ದರು. ನಮ್ಮ ಎದುರು ಮನೆಯ ಅಜ್ಜಿ ಮೊಮ್ಮಗನನ್ನು ಕೇಳಿದಳು: "ಅದೇನ್ಲಾ, ಚೌಕಾಬಾರದ ಮಣೇನಾ? ಕವಡೆ ಎಲ್ಲೋ?" ಹುಡುಗ ತಲೆ ಎತ್ತಲಿಲ್ಲ. "ಮಾತಾಡುಸ್ಬ್ಯಾಡ ಕಣಜ್ಜಿ, ನಾಳಿಕ್ಕೆ ನನ್ ಸರದಿ."

ದಸರಾ ರಜೆಯ ಹೊತ್ತಿಗೆ ಆ ಹುಡುಗರು ಕಂಪ್ಯೂಟರ್ ಪರದೆಯ ಮೇಲೆ ಬಸ್ಸು ಬರೆದು, ಅದಕ್ಕೆ ಹಾಸನ ಎಂದು ಬೋರ್ಡು ಹಾಕುತ್ತಿದ್ದರು.

ರಜೆ ಬಿಡುವ ದಿನವೇ ಆಯುಧಪೂಜೆ ಮುಗಿಸುವುದು ಅಲ್ಲಿನ ರೂಢಿ. ಶಾಲೆಯ ಗಂಟೆ, ಮೈಕ್‌ಸೆಟ್ಟು, ಫುಟ್‌ಬಾಲಿಗೆ ಗಾಳಿ ಹೊಡೆಯುವ ಪಂಪು, ಕ್ರಾಫ್ಟ್ ಕೋಣೆಯ ಸುತ್ತಿಗೆ, ಅರ, ಗರಗಸ, ಎಲ್ಲಕ್ಕೂ ಕುಂಕುಮ ಬೀಳುತ್ತಿತ್ತು. ಆ ವರ್ಷ ಕಂಪ್ಯೂಟರ್‌ಗಳಿಗೂ ಪೂಜೆ ಎಂದು ನನ್ನನ್ನು ಕರೆದಿದ್ದರು. ಕ್ರಾಫ್ಟ್ ಮೇಷ್ಟ್ರು ಹುಡುಗರ ಜೊತೆ ತಮ್ಮ ಕೋಣೆಯ ಉಪಕರಣಗಳ ಬಳಿ ಇದ್ದರು. ಕಂಪ್ಯೂಟರ್ ಕೋಣೆಯಲ್ಲಿ ಮುಖ್ಯೋಪಾಧ್ಯಾಯರೇ ನಿಂತು, ಮನೆಯ ದೇವರಿಗೆ ಮಾಡುವಷ್ಟೇ ಶ್ರದ್ಧೆಯಿಂದ ಮಂತ್ರ ಹೇಳಿ ಪೂಜೆ ಮಾಡಿದರು. ಆಗಿನ ಕಂಪ್ಯೂಟರ್‌ಗಳಲ್ಲಿ ಅಡ್ಡಡ್ಡ ಮಲಗಿದ ಡಬ್ಬಿಯ ಮೇಲೆ ಪರದೆಯ ಪೆಟ್ಟಿಗೆ ಕೂತಿರುತ್ತಿತ್ತು. ಮುಖ್ಯೋಪಾಧ್ಯಾಯರು ಮೊದಲನೆಯದರ ಮುಂದೆ ಕಾಯಿ ಒಡೆದು, ಕಣ್ಣು ಮುಚ್ಚಿ, ಅದರ ಸಿಹಿ ನೀರನ್ನು ಪೆಟ್ಟಿಗೆಯ ನೆತ್ತಿಯ ಮೇಲೆ ನಿಧಾನವಾಗಿ ಎರೆದರು. ಅದು ಕುಂಕುಮವನ್ನು ತೊಳೆದುಕೊಂಡು ಗಾಳಿಕಿಂಡಿಗಳ ಮೂಲಕ ಕೆಳಗಿನ ಡಬ್ಬಿಗೆ ಇಳಿಯಿತು. ಎಲ್ಲರೂ ಕೈಮುಗಿದರು. ನಾನು ಫೋಟೋ ತೆಗೆದೆ. ಜಿಲ್ಲಾ ಪುಟದಲ್ಲಿ ಚೆನ್ನಾಗಿ ಅಚ್ಚಾಯಿತು.

ರಜೆ ಮುಗಿದು ಶಾಲೆ ಶುರುವಾದ ದಿನ, ಒಳ್ಳೆಯ ಘಳಿಗೆಯಲ್ಲಿ ಮೊದಲ ಯಂತ್ರವನ್ನು ತಾವೇ ಚಾಲೂ ಮಾಡಬೇಕೆಂದು ಮುಖ್ಯೋಪಾಧ್ಯಾಯರು ಬೀಗದ ಕೈ ಇಸಿದುಕೊಂಡರು. ಕ್ರಾಫ್ಟ್ ಮೇಷ್ಟ್ರು ಇನ್ನೂ ಅಂಗಳದಲ್ಲಿ ಪ್ರಾರ್ಥನೆಯ ಸಾಲು ನೋಡುತ್ತಿದ್ದರು. ಮುಖ್ಯೋಪಾಧ್ಯಾಯರು ಗುಂಡಿ ಒತ್ತಿದರು. ಫಟ್ ಎಂದು ಸದ್ದಾಗಿ, ನೀಲಿ ಬೆಂಕಿ ಹೊಳೆದು, ಹೊಗೆ ಎದ್ದಿತು.

ಅಂಗಳದಿಂದ ಓಡಿಬಂದ ಮೇಷ್ಟ್ರು ಮೊದಲು ಮೇನ್ ಸ್ವಿಚ್ ಇಳಿಸಿದರು. ಆಮೇಲೆ ಅಂಗೈ ಒರೆಸಿಕೊಂಡು ಬಗ್ಗಿ ಮೂಸಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಮುಖ್ಯೋಪಾಧ್ಯಾಯರು ಗೋಡೆ ಹಿಡಿದು ನಿಂತಿದ್ದರು. ಅಲ್ಲಿದ್ದವರಿಗೆಲ್ಲ ಕಾರಣ ಗೊತ್ತಿತ್ತು. ದೇವರ ಹೆಸರಲ್ಲಿ ಎರೆದ ನೀರಿನಿಂದ ಕೆಟ್ಟಿತು ಎಂದು ಯಾರು ಹೇಳುವುದು?

ಆ ವಾರವೇ ಹಾಸನದಿಂದ ಮೇಲಧಿಕಾರಿ ತಪಾಸಣೆಗೆ ಬರುವವರಿದ್ದರು. ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಹಳೆಯ ಪತ್ರಿಕೆಗಳ ರಾಶಿಯಿಂದ ಆ ಫೋಟೋ ತೆಗೆಸಿ, ದೀಪದ ಕೆಳಗೆ ಹಿಡಿದು ನೋಡಿದರು. ನೀರಿನ ಧಾರೆ ಗಾಳಿಕಿಂಡಿಗೆ ಬೀಳುತ್ತಿದ್ದುದು ಸ್ಪಷ್ಟವಾಗಿತ್ತು.

"ಆಫೀಸರ್ ಜೊತೆ ಕಂಪ್ನಿ ಹುಡ್ಗ ಬತ್ತಾನಂತೆ. ಅವ್ನು ಡಬ್ಬಿ ಬಿಚ್ತಾನೆ. ಬಿಚ್ದೇಟ್ಗೆ ನೀರು ಅಂತ ಬರೀತಾನೆ."

"ಬರೆದರೆ?"

"ಶಾಲೆ ತಪ್ಪು ಅಂತಾಯ್ತದೆ. ಸಾಮಾನು ನೋಡ್ಕಳಕ್ಕೆ ಬರದ ಶಾಲೆ ಅಂತ ಮೂರ್ನೂ ಎತ್ಕಂಡು ಓಯ್ತಾರೆ. ಚನ್ರಾಯಪಟ್ಣದೋರು ಯಾವತ್ನಿಂದ್ಲೋ ಕೇಳ್ತಾವ್ರೆ. ಎಚ್ಚೆಮ್ಮು ಈ ವರ್ಸ ರಿಟೈರು. ಎನ್ಕ್ವೈರಿ ಬಿದ್ರೆ ಪೆನ್ಸನ್ನು ನಿಂತೋಯ್ತದೆ."

"ನೀವೇನು ಮಾಡ್ತೀರಿ?"

"ಶಾಲೆ ತಪ್ಪಾದ್ರೆ ಮಿಸೀನು ಓಯ್ತವೆ. ಒಬ್ಬುಂದು ತಪ್ಪಾದ್ರೆ ಒಬ್ಬ ಓಯ್ತಾನೆ."

ಅವರು ಪತ್ರಿಕೆಯನ್ನು ಮಡಚಿ ರಾಶಿಯಲ್ಲೇ ಇಟ್ಟರು. ನಾಳೆ ಮಧ್ಯಾಹ್ನ ಬಿಡುವಿದ್ದರೆ ಶಾಲೆಯ ಕಡೆ ಬನ್ನಿ ಎಂದು ಹೇಳಿ ಹೋದರು.

ಮರುದಿನ ನಾನು ಹೋದಾಗ ಕಂಪ್ಯೂಟರ್ ಕೋಣೆಯಲ್ಲಿ ಏಳನೇ ತರಗತಿ ನೆಲದ ಮೇಲೆ ಸುತ್ತ ಕೂತಿತ್ತು. ನಡುವೆ, ಜಮಖಾನೆಯ ಮೇಲೆ, ಕೆಟ್ಟ ಯಂತ್ರದ ಡಬ್ಬಿ. ಅದರ ಹಿಂಬದಿಯಲ್ಲಿ, ಮುಚ್ಚಳ ಸೇರುವ ಜಾಗಕ್ಕೆ ಬೆಳ್ಳಿ ಬಣ್ಣದ ಚಿಕ್ಕ ಚೀಟಿ ಅಂಟಿತ್ತು. ಮೇಷ್ಟ್ರು ಸ್ಕ್ರೂಡ್ರೈವರಿನ ತುದಿಯನ್ನು ಅದರ ಹತ್ತಿರ ಹಿಡಿದರು.

"ಇದೇನು?"

"ಸೀಲು ಸಾ."

"ಇದ್ನ ಒಡುದ್ರೆ?"

"ಕಂಪ್ನಿಯೋರು ರಿಪೇರಿ ಮಾಡಲ್ಲ ಸಾ. ಬೈತಾರೆ."

"ಯಾರ್ನ ಬೈತಾರೆ?"

"ಒಡ್ದೋರ್ನ ಸಾ."

"ಸರಿಯಾಗ್ ನೋಡ್ಕಳಿ ಅಂಗಾದ್ರೆ, ಯಾರ್ ಒಡೀತಾವ್ರೆ ಅಂತ. ನಾಳಿಕ್ಕೆ ಕೇಳುದ್ರೆ ಎಲ್ರೂ ಒಂದೇ ತರ ಹೇಳ್ಬೇಕು."

ಸ್ಕ್ರೂಡ್ರೈವರ್ ಚೀಟಿಯ ನಡುವೆ ಹಾದುಹೋಯಿತು. ಮುಚ್ಚಳ ಎತ್ತಿದಾಗ ಹುಳಿಯ ವಾಸನೆ ಬಾಗಿಲಲ್ಲಿದ್ದ ನನಗೂ ಬಡಿಯಿತು. ಒಳಗೆ ಹಸಿರು ಹಲಗೆಯ ಮೇಲೆ ಕುಂಕುಮ ಕೆಸರಾಗಿ ಒಣಗಿತ್ತು. ಸಿಹಿಗೆ ಬಂದ ಇರುವೆಗಳು ಸುಟ್ಟು ಅಂಟಿಕೊಂಡಿದ್ದವು. ಮೇಷ್ಟ್ರು ಬ್ರಷ್ಷಿನಿಂದ ಒಂದೊಂದನ್ನೂ ಗುಡಿಸಿ, ಬಟ್ಟೆಯಿಂದ ಒರೆಸಿ, ಇದು ಫ್ಯಾನು, ಇದು ನೆನಪು ಇಡೋ ಜಾಗ, ಇದಕ್ಕೆ ಕರೆಂಟು ಇಲ್ಲಿಂದ ಎಂದು ಹೇಳುತ್ತಾ ಹೋದರು. ಹುಡುಗರಲ್ಲೊಬ್ಬ ಕೇಳಿದ: "ಸಾ, ಇರುವೆ ಯಾಕೆ ಬಂದ್ವು?" ಮೇಷ್ಟ್ರ ಬ್ರಷ್ಷು ನಿಂತಿತು. "ಎಲ್ಲಿ ಬಾಗ್ಲು ತೆಗ್ದಿರ್ತದೋ ಅಲ್ಲಿ ಬತ್ತವೆ" ಎಂದು ಮುಂದುವರಿಸಿದರು.

ಅಷ್ಟರಲ್ಲಿ ನನ್ನ ಹಿಂದೆ ಮುಖ್ಯೋಪಾಧ್ಯಾಯರು ಬಂದು ನಿಂತಿದ್ದರು. ಬಿಚ್ಚಿದ ಡಬ್ಬಿಯನ್ನು, ಬಟ್ಟೆಗೆ ಮೆತ್ತಿದ ಕುಂಕುಮವನ್ನು ನೋಡಿದರು.

"ಏನ್ರೀ ಮೇಷ್ಟ್ರೇ ಮಾಡ್ತಿದೀರಿ!"

"ಪಾಠ ಸಾ."

ಮುಖ್ಯೋಪಾಧ್ಯಾಯರಿಗೆ ಎಷ್ಟು ಅರ್ಥವಾಯಿತೋ ಆಗ ನನಗೆ ತಿಳಿಯಲಿಲ್ಲ. ಅವರು ತಿರುಗಿ ತಮ್ಮ ಕೋಣೆಗೆ ಹೋದರು.

ಅಧಿಕಾರಿ ಬಂದ ದಿನ ನಾನು ವರದಿಗೆ ಹೋಗಿದ್ದೆ. ಎಲ್ಲರೂ ಚಪ್ಪಲಿ, ಬೂಟು ಹೊರಗೆ ಬಿಟ್ಟು ಒಳಗೆ ಬಂದರು. ಎರಡು ಯಂತ್ರಗಳಲ್ಲಿ ಹುಡುಗರು ಬಸ್ಸು ಬರೆದು ತೋರಿಸಿದರು. ಅಧಿಕಾರಿ ತಲೆದೂಗಿ ಮೂರನೆಯದರ ಕಡೆ ತಿರುಗಿದರು. ಕಂಪನಿಯ ಹುಡುಗ ಡಬ್ಬಿ ತಿರುಗಿಸಿದವನೇ ಕೈ ಹಿಂದಕ್ಕೆ ತೆಗೆದುಕೊಂಡ.

"ಸೀಲ್ ಕಟ್ಟಾಗಿದೆ ಸರ್. ಇನ್ನು ನಾನು ಮುಟ್ಟಂಗಿಲ್ಲ."

"ಯಾರ್ರೀ ಒಡೆದದ್ದು?"

"ನಾನು ಸಾ" ಎಂದರು ಕ್ರಾಫ್ಟ್ ಮೇಷ್ಟ್ರು.

"ಯಾರು ಹೇಳಿದ್ರು ಒಡೀ ಅಂತ?"

"ಯಾರೂ ಹೇಳ್ನಿಲ್ಲ. ಚಾರ್ಜು ನಂದು."

ಅಧಿಕಾರಿ ಮುಖ್ಯೋಪಾಧ್ಯಾಯರ ಕಡೆ ನೋಡಿದರು. ಮುಖ್ಯೋಪಾಧ್ಯಾಯರು ಒಂದು ಹೆಜ್ಜೆ ಮುಂದೆ ಬಂದರು. ಕ್ರಾಫ್ಟ್ ಮೇಷ್ಟ್ರು ಅವರನ್ನೇ ನೋಡುತ್ತಾ, ಬೇಡ ಎಂಬಂತೆ ತಲೆಯನ್ನು ಒಂದಿಷ್ಟೇ ಆಡಿಸಿದರು.

"ಅವ್ರು ಒಡೆಯೋ ಮುಂಚೆನೇ ಕೆಟ್ಟಿತ್ತು ಸಾರ್" ಎಂದರು ಮುಖ್ಯೋಪಾಧ್ಯಾಯರು. "ಪೂಜೆ ದಿನ ಕಾಯಿ ನೀರು ಎರೆದದ್ದು ನಾನು. ಒಳಗಿಳೀತು. ನನ್ನದೇ ತಪ್ಪು."

ಅಧಿಕಾರಿ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಆಮೇಲೆ ನಕ್ಕರು.

"ಏನ್ ಸ್ವಾಮಿ, ಪೂಜೆ ಮಾಡಿದ್ದು ತಪ್ಪಾ? ಪೇಪರಲ್ಲಿ ಫೋಟೋ ಬಂದಿತ್ತಲ್ಲ, ಎಷ್ಟು ಚೆನ್ನಾಗಿತ್ತು. ನಾನೇ ಕತ್ತರಿಸಿ ಆಫೀಸಿನಲ್ಲಿ ಹಾಕ್ಸಿದೀನಿ. ನಮ್ಮ ಜೀಪಿಗೂ ಕಾಯಿ ಒಡೆದ್ವಿ. ಜೀಪು ಕೆಟ್ಟಿದ್ಯೇನೋ?" ಎಂದು ಬಾಗಿಲಲ್ಲಿದ್ದ ಡ್ರೈವರನ್ನು ಕೇಳಿದರು.

"ಇಲ್ಲ ಸಾ, ಜಂ ಅಂತ ಓಡ್ತಾ ಐತೆ."

"ನೋಡಿ. ಕಾಯಿ ನೀರಿಂದ ಕೆಟ್ಟಿತು ಅಂತ ಸರ್ಕಾರಕ್ಕೆ ಬರೆಯಕ್ಕಾಗುತ್ತಾ? ನಗಲ್ವೇನ್ರೀ ಜನ? ಸಹೋದ್ಯೋಗಿಯನ್ನ ಉಳಿಸ್ಬೇಕು ಅಂತ ಇಲ್ದಿದ್ದೆಲ್ಲ ಹೇಳ್ಬೇಡಿ. ನಿಮ್ಮ ವಯಸ್ಸಿಗೆ ಒಳ್ಳೇದಲ್ಲ."

ಮುಖ್ಯೋಪಾಧ್ಯಾಯರು ಇನ್ನೊಮ್ಮೆ ಹೇಳಿದರು. ಅಧಿಕಾರಿ ಕೇಳಿಸಿಕೊಳ್ಳಲಿಲ್ಲ. ಅನುಮತಿಯಿಲ್ಲದೆ ಸೀಲು ಒಡೆದು ಯಂತ್ರ ಹಾಳುಮಾಡಿದ ಶಿಕ್ಷಕರನ್ನು ಅರಕಲಗೂಡು ತಾಲ್ಲೂಕಿನ ಶಾಲೆಯೊಂದಕ್ಕೆ ವರ್ಗ ಮಾಡಿದ ಆದೇಶ ಮುಂದಿನ ವಾರ ಬಂತು. ಉಳಿದ ಎರಡು ಯಂತ್ರ ಶಾಲೆಯಲ್ಲೇ ಉಳಿದವು. ನನ್ನ ವರದಿಯಲ್ಲಿ ಆದೇಶದ ಸಾರಾಂಶವೂ ಇತ್ತು, ಮುಖ್ಯೋಪಾಧ್ಯಾಯರು ಹೇಳಿದ್ದರ ಬಗ್ಗೆ ಒಂದು ವಾಕ್ಯವೂ ಇತ್ತು. ಅಚ್ಚಿನಲ್ಲಿ ಆ ವಾಕ್ಯ ಇರಲಿಲ್ಲ. ಪತ್ರಿಕೆಯ ಕಚೇರಿಗೆ ಫೋನು ಮಾಡಿ ಕೇಳಿದೆ. "ಪೂಜೆ ವಿಷಯ, ಯಾಕೆ ಸುಮ್ನೆ" ಎಂದರು.

ಮುಖ್ಯೋಪಾಧ್ಯಾಯರನ್ನು ಉಳಿಸಲು ಹೀಗೆ ಮಾಡಿದಿರಾ ಎಂದು ನಾನು ಮೇಷ್ಟ್ರನ್ನು ನೇರವಾಗಿ ಕೇಳಿದ್ದೇನೆ. "ಅವ್ರ ಮ್ಯಾಲೆ ನಂಗೆ ಅಷ್ಟೊಂದ್ ಪ್ರೀತಿ ಇಲ್ಲ ಕಣ್ರೀ" ಎಂದರು. "ಆ ಸೀಲು ಬಂದ್ ದಿನದಿಂದ್ಲೂ ನನ್ ಕಣ್ಣು ಚುಚ್ತಾ ಇತ್ತು" ಎಂದೂ ಸೇರಿಸಿದರು. ಎರಡನ್ನೂ ದಾಖಲಿಸುತ್ತಿದ್ದೇನೆ. ಯಾವುದು ಎಷ್ಟು ನಿಜ ಎಂದು ತೂಗಿ ಹೇಳಲು ನನಗೆ ಆಧಾರವಿಲ್ಲ.

ಊರು ಬಿಡುವ ಹಿಂದಿನ ಸಂಜೆ ಅವರ ಮನೆಯಲ್ಲಿ ಸಾಮಾನು ಕಟ್ಟುತ್ತಿದ್ದಾಗ ಮುಖ್ಯೋಪಾಧ್ಯಾಯರು ಬಂದರು. ನಾನು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದೆ. ಅವರು ಕೂರಲಿಲ್ಲ.

"ನಾಳೆ ಹಾಸನಕ್ಕೆ ಹೋಗ್ತೀನಿ ಮೇಷ್ಟ್ರೇ. ಇನ್ನೂ ಮೇಲಿನವರ ಹತ್ರ ಹೇಳ್ತೀನಿ."

"ನೀವ್ ಏಳುದ್ರೂ ಬರ್ಕಳಲ್ಲ ಸಾ. ನೋಡುದ್ರಲ್ಲ." ಮೇಷ್ಟ್ರು ಸೊಂಟದಿಂದ ಬೀಗದ ಕೈ ಬಿಚ್ಚಿದರು. "ಏನಾರ ಮಾಡ್ಬೇಕು ಅಂತಿದ್ರೆ ಇದ್ನ ಇಟ್ಕಳಿ. ಚಾರ್ಜು ಯಾರೂ ತಗಳಲ್ಲ ಅಂದವ್ರೆ. ಬೀರುಗೆ ಬೀಗ ಬಿದ್ದಂಗೆ ಆ ರೂಮ್ಗೂ ಬೀಳ್ತದೆ."

ಮುಖ್ಯೋಪಾಧ್ಯಾಯರು ಕೈ ಚಾಚಲಿಲ್ಲ.

"ನಂಗೆ ಅದು ಬರಲ್ಲರೀ. ಆ ದಿನದಿಂದ ಸ್ವಿಚ್ ಮುಟ್ಟಕ್ಕೇ ಆಗ್ತಿಲ್ಲ. ಮನೇಲಿ ದೀಪ ಹಾಕೋದೂ ಮೊಮ್ಮಗಳೇ."

"ನೀವ್ ಏನೂ ಮಾಡ್ಬೇಡಿ. ಹುಡುಗ್ರಿಗೆ ಬತ್ತದೆ. ಬಾಗ್ಲು ತೆಗ್ದು ಒಳಗ್ ಕುಂತ್ಕಳಿ, ಸಾಕು."

"ಕೆಟ್ರೆ?"

"ಕೆಡ್ತದೆ."

ಈ ಉತ್ತರ ಮುಖ್ಯೋಪಾಧ್ಯಾಯರಿಗೆ ಸಮಾಧಾನ ಕೊಟ್ಟಂತೆ ಕಾಣಲಿಲ್ಲ. ಮೇಷ್ಟ್ರು ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಪಾತ್ರೆ ಕಟ್ಟಲು ಒಳಗೆ ಹೋದರು. ಮುಖ್ಯೋಪಾಧ್ಯಾಯರು ಅದನ್ನೇ ನೋಡುತ್ತಾ ಬಹಳ ಹೊತ್ತು ನಿಂತಿದ್ದರು. ಕೊನೆಗೆ ಶಲ್ಯದ ಅಂಚಿನಲ್ಲಿ, ಬಿಸಿ ಪಾತ್ರೆ ಹಿಡಿಯುವಂತೆ ಹಿಡಿದೆತ್ತಿಕೊಂಡು ಹೋದರು.

ಬೆಳಗ್ಗೆ ಸಾಮಾನು ಲಾರಿಯಲ್ಲಿ ಹೋಯಿತು, ಮನೆಯವರು ಮುಂಚೆಯೇ ಹೊರಟಿದ್ದರು. ಮೇಷ್ಟ್ರನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ನಾನು ಜೊತೆಗೆ ನಡೆದೆ. ಶಾಲೆಯ ಎದುರಿನ ಸೈಕಲ್ ಶಾಪಿನ ಬಳಿ ಅವರು ಚೀಲ ಇಳಿಸಿ ನಿಂತರು. ಪ್ರಾರ್ಥನೆ ಮುಗಿದು ಹುಡುಗರು ಒಳಗೆ ಹೋದರು. ಜಗಲಿಯ ತುದಿಯಲ್ಲಿ ಕಂಪ್ಯೂಟರ್ ಕೋಣೆಗೆ ಬೀಗ ಹಾಕಿಯೇ ಇತ್ತು. ಮೊದಲ ಪೀರಿಯಡ್ಡು ಏಳನೇ ತರಗತಿಯದು. ಹುಡುಗರು ಬಾಗಿಲ ಮುಂದೆ ಸಾಲಾಗಿ ನಿಂತು ಕಾಯುತ್ತಿದ್ದರು.

"ಬಸ್ಸು ಹೊರಡುತ್ತೆ ಮೇಷ್ಟ್ರೇ."

"ಇರಿ."

ಅರಕಲಗೂಡಿನ ಬಸ್ಸು ನಮ್ಮ ಎದುರೇ ಹಾದುಹೋಯಿತು. ಅವರು ತಿರುಗಿ ನೋಡಲಿಲ್ಲ. ಹುಡುಗರಲ್ಲಿ ಇಬ್ಬರು ಬೇಸತ್ತು ನೆಲದ ಮೇಲೆ ಕೂತರು. ಮುಖ್ಯೋಪಾಧ್ಯಾಯರು ತಮ್ಮ ಕೋಣೆಯಿಂದ ಹೊರಗೆ ಬಂದರು. ಜಗಲಿಯಲ್ಲಿ ನಡೆದು ಬಂದವರು ಆ ಬಾಗಿಲನ್ನು ದಾಟಿ ಮುಂದೆ ಹೋದರು. ಮೇಷ್ಟ್ರ ಕೈ ಚೀಲದ ಹಿಡಿಯ ಮೇಲಿತ್ತು. ಬೆರಳುಗಳು ಬಿಗಿದದ್ದು ಕಂಡಿತು. ಜಗಲಿಯ ತುದಿಯಲ್ಲಿ ಮುಖ್ಯೋಪಾಧ್ಯಾಯರು ಸ್ವಲ್ಪ ಹೊತ್ತು ನಿಂತರು. ತಿರುಗಿ ಬಂದು ಬೀಗಕ್ಕೆ ಕೈ ಹಾಕಿದರು. ಅದು ತೆರೆಯಲಿಲ್ಲ. ಸಾಲಿನಲ್ಲಿದ್ದ ಹುಡುಗನೊಬ್ಬ ಏನೋ ಹೇಳಿ, ಅವರ ಕೈಯ ಮೇಲೆ ತನ್ನ ಕೈಯಿಟ್ಟು ಬೀಗದ ಕೈಯನ್ನು ಇನ್ನೊಂದು ಕಡೆಗೆ ತಿರುಗಿಸಿದ. ಬಾಗಿಲು ತೆರೆಯಿತು. ಹುಡುಗರು ನುಗ್ಗಿದರು. ಮುಖ್ಯೋಪಾಧ್ಯಾಯರು ಹೊಸ್ತಿಲ ಆಚೆಗೆ ಒಂದು ಕಾಲಿಟ್ಟು, ಆಮೇಲೆ ಇನ್ನೊಂದನ್ನೂ ಎತ್ತಿಟ್ಟು ಒಳಗೆ ಹೋದರು.

ಮೇಷ್ಟ್ರು ಚೀಲ ಹೆಗಲಿಗೇರಿಸಿದರು. ಬಸ್‌ಸ್ಟ್ಯಾಂಡಿಗೆ ನಡೆದೆವು. ಮುಂದಿನ ಬಸ್ಸು ತುಂಬಿ ಬಂತು, ಸೀಟು ಇರಲಿಲ್ಲ. ಅವರು ನಿಂತುಕೊಂಡೇ ಅರಕಲಗೂಡಿಗೆ ಹೋದರು.